ಮೊದಲ ವರ್ಷ ಕಾರ್ಡು, ಎರಡನೇ ವರ್ಷ ಕಾರು

ಆಗಸ್ಟಿಗೆ ಇಲ್ಲಿ ಅಮೆರಿಕಕ್ಕೆ ಓದಲು ಬರುವವರು ಮೇ ತಿಂಗಳಿಂದಲೇ ವಾಟ್ಸಾಪಿನಲ್ಲಿ ಪ್ರಶ್ನೆ ಶುರು ಮಾಡುತ್ತಾರೆ. ಕುಕ್ಕರ್ ತರಬೇಕಾ? ಸಾರಿನ ಪುಡಿ ಏರ್‌ಪೋರ್ಟಿನಲ್ಲಿ ಬಿಡ್ತಾರಾ? ಅದಾದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕಾ, ಬಂದ ತಕ್ಷಣ ಕಾರು ತಗೊಳ್ಳಬೇಕಾ?"

ಬೇಡ. ಆದರೆ ಬರೀ 'ಬೇಡ' ಅಂತ ಕಳಿಸಿದರೆ ಯಾರೂ ನಂಬುವುದಿಲ್ಲ. ನಾಲ್ಕು ಜನ ಸೀನಿಯರ್‌ಗಳು ಕಾರಿನಲ್ಲಿ ಓಡಾಡುವ ಫೋಟೋ ಹಾಕಿರುತ್ತಾರಲ್ಲ. ಅದಕ್ಕೇ ಒಂದು ಸಲ ಲೆಕ್ಕ ಸಮೇತ ಬರೆದಿಡುತ್ತಿದ್ದೇನೆ. ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನಿರುವುದು ಟೆಕ್ಸಸ್‌ನ ಆರ್ಲಿಂಗ್ಟನ್. ಡಾಲಸ್‌ಗೂ ಫೋರ್ಟ್‌ವರ್ತ್‌ಗೂ ನಡುವೆ ಇರುವ ಊರು. ಹೆಚ್ಚುಕಮ್ಮಿ ನಾಲ್ಕು ಲಕ್ಷ ಜನ ಇದ್ದಾರೆ, ಆದರೆ ನಮ್ಮಲ್ಲಿರುವಂಥ ಸಿಟಿ ಬಸ್ಸು ಇಲ್ಲ. ಇದ್ದ ಒಂದು ಮಾರ್ಗವನ್ನೂ 2017ರ ಕೊನೆಗೆ ನಿಲ್ಲಿಸಿ, ಫೋನಿನಲ್ಲಿ ಕರೆದರೆ ಬರುವ ವ್ಯಾನ್ ಶುರು ಮಾಡಿದರು. ದಾರಿಯಲ್ಲಿ ಇನ್ನಿಬ್ಬರು ಮೂವರನ್ನು ಹತ್ತಿಸಿಕೊಂಡು ಹೋಗುತ್ತದೆ. ಕೆಲವೇ ಡಾಲರ್. ಕಾಯುವ ತಾಳ್ಮೆ ಇದ್ದರೆ ದಿನಸಿಗೆ, ಆಸ್ಪತ್ರೆಗೆ ಸಾಕು. ಊರಾಚೆ ಕೆಲಸಕ್ಕೆ ದಿನಾ ಹೋಗಿ ಬರಲು ಸಾಲದು.

ಆದರೆ ಮೊದಲ ವರ್ಷ ಊರಾಚೆ ಕೆಲಸವೇ ಇರುವುದಿಲ್ಲ, ಅಲ್ವಾ? ಓದಲು ಬರುವವರಿಗೆ ಕೊಡುವ ಎಫ್-1 ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನೊಳಗೆ ಮಾತ್ರ. ಓದಿಗೆ ಸಂಬಂಧಪಟ್ಟ ಇಂಟರ್ನ್‌ಶಿಪ್ಪಿಗೆ ಹೊರಗೆ ಹೋಗಬೇಕೆಂದರೆ ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿಸಿರಬೇಕು. ಅಂದರೆ ಆ ಮೊದಲ ವರ್ಷ ಕಾರು ಅಪಾರ್ಟ್‌ಮೆಂಟಿನ ಮುಂದೆ ನಿಂತೇ ದುಡ್ಡು ತಿನ್ನುತ್ತದೆ. ನಾನು ಲೈಬ್ರರಿ ಕೌಂಟರಿನಲ್ಲಿ ಕೂತಿದ್ದೆ, ಗಂಟೆಗೆ 11 ಡಾಲರ್. ತಿಂಗಳಿಗೆ 900ರ ಆಸುಪಾಸು. ನಮ್ಮಂಥ ವಿದ್ಯಾರ್ಥಿಗಳಿಗೆ ಮೊದಲ ಐದು ವರ್ಷ ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಕಡಿತ ಇಲ್ಲ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಹಾಗಾಗಿ ಬಹುಪಾಲು ಕೈಗೆ ಬರುತ್ತದೆ. ಅದರಲ್ಲಿ ಬಾಡಿಗೆಯ ಪಾಲು, ಅಕ್ಕಿ ಬೇಳೆ, ಫೋನು ಕಳೆದರೆ ಉಳಿಯುವುದನ್ನು ಹೇಳಲು ನಾಚಿಕೆಯಾಗುತ್ತದೆ.

ಆ ವರ್ಷ ಮಾಡಬೇಕಾದ ಕೆಲಸ ಬೇರೆ. ಕ್ರೆಡಿಟ್ ಕಟ್ಟಿಕೊಳ್ಳುವುದು, ಅಂದರೆ ಸಾಲವನ್ನು ಹೊತ್ತಿಗೆ ತೀರಿಸುವವರು ಅನ್ನುವ ದಾಖಲೆ ಮಾಡಿಕೊಳ್ಳುವುದು.

ನಮ್ಮ ಅಪ್ಪನದು ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಮುಂಗಾರಿಗೆ ರೈತರು ಉದ್ರಿ ಒಯ್ಯುತ್ತಾರೆ, ಮೆಕ್ಕೆಜೋಳ ಮಾರಿದ ಮೇಲೆ ಕೊಡುತ್ತಾರೆ. ಯಾರು ಹೇಳಿದ ದಿನಕ್ಕೆ ಬರುತ್ತಾರೆ, ಯಾರು ಅಂಗಡಿ ಕಂಡರೆ ಆ ಕಡೆ ರಸ್ತೆಯಲ್ಲಿ ಹೋಗುತ್ತಾರೆ, ಎಲ್ಲ ಅಪ್ಪನ ಕೆಂಪು ಪುಸ್ತಕದಲ್ಲಿದೆ. ಇಲ್ಲಿ ಅಂಥ ಪುಸ್ತಕ ಇಟ್ಟುಕೊಂಡಿರುವವರು ಮೂರು ಕಂಪನಿ: ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ಇದನ್ನು ಫೋನಿನಲ್ಲಿ ವಿವರಿಸಿದಾಗ ಅಪ್ಪ ಕೇಳಿದ್ದು, "ಅಲ್ಲವ್ವಾ, ಸಾಲ ಮಾಡಿ ತೀರಿಸಿದ್ರ ಮಾರ್ಕ್ಸ್ ಕೊಡ್ತಾರಂತೇನು ಅಲ್ಲಿ? ಸಾಲಾನ ಮಾಡದಿದ್ದವ್ರಿಗೆ?"

ಸೊನ್ನೆಯೂ ಇಲ್ಲ. ಸಾಲವನ್ನೇ ಮಾಡದವರು ಇವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನನ್ನ ಕತೆ ಇನ್ನೂ ವಿಚಿತ್ರ. ಊರಲ್ಲಿ ಸೈಟು ಅಡವಿಟ್ಟು ತೆಗೆದ ಎಜುಕೇಶನ್ ಲೋನು ನನ್ನ ಸಿಬಿಲ್‌ನಲ್ಲೂ ಇದೆ, ಅಪ್ಪನ ಸಿಬಿಲ್‌ನಲ್ಲೂ ಇದೆ. ಅಲ್ಲಿ ಲಕ್ಷಗಟ್ಟಲೆ ಸಾಲಗಾರ್ತಿ, ಇಲ್ಲಿ ಖಾಲಿ ಹಾಳೆ. ಇಲ್ಲಿಯ ಒಂದು ಬ್ಯಾಂಕಿಗೆ ಮಾಮೂಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದೆ. ಕೊಡುವುದಿಲ್ಲ ಅಂತ ಅಂಚೆಯಲ್ಲಿ ಕಾಗದ ಬಂತು. ಕಾರಣವನ್ನೂ ಬರೆದಿದ್ದರು: ಸಾಲದ ಇತಿಹಾಸ ಸಾಲದು. ನಿರಾಕರಿಸಿದರೆ ಕಾರಣ ತಿಳಿಸಬೇಕು ಅಂತ ಇಲ್ಲಿ ಕಾನೂನಿದೆ. ಕಾಗದ ಬಂದರೆ ಗಾಬರಿಯಾಗಬೇಡಿ. ಹೊಸಬರಿಗೆಲ್ಲ ಬರುತ್ತದೆ.

ಆಮೇಲೆ ತೆಗೆದುಕೊಂಡಿದ್ದು ಸೆಕ್ಯೂರ್ಡ್ ಕಾರ್ಡು. 200 ಡಾಲರ್ ಡಿಪಾಸಿಟ್ ಇಟ್ಟೆ, 200 ಡಾಲರ್ ಮಿತಿ ಕೊಟ್ಟರು. ನಮ್ಮದೇ ದುಡ್ಡನ್ನು ನಮಗೇ ಸಾಲ ಕೊಟ್ಟಂತೆ ಕಾಣುತ್ತದೆ, ಆದರೆ ಆ ಮೂರೂ ಪುಸ್ತಕಗಳಲ್ಲಿ ಇದು ಸಾಲ ಅಂತಲೇ ದಾಖಲಾಗುತ್ತದೆ. ಆ ಪುಸ್ತಕಗಳನ್ನು ನೋಡಿ ಕೊಡುವ ಅಂಕಕ್ಕೆ ಫೈಕೋ ಸ್ಕೋರು ಅನ್ನುತ್ತಾರೆ. ಅದು ಹುಟ್ಟಲು ಒಂದು ಖಾತೆಗಾದರೂ ಆರು ತಿಂಗಳು ತುಂಬಿರಬೇಕು. ಅದಕ್ಕೇ ಬೇಗ ತೆಗೆಯಿರಿ ಅನ್ನುವುದು. ಬಿಎಸ್ಸಿ, ಬಿಇ ಓದಲು ಬರುವ ಚಿಕ್ಕವರಿಗೆ ಒಂದು ಮಾತು: 2009ರ ಕಾಯ್ದೆಯಿಂದಾಗಿ 21 ತುಂಬದವರು ಸ್ವಂತ ಆದಾಯ ತೋರಿಸಬೇಕು, ಇಲ್ಲವೇ ಜಾಮೀನುದಾರರು ಬೇಕು. ಕ್ಯಾಂಪಸ್ ಕೆಲಸದ ಸಂಬಳವೂ ಆದಾಯವೇ.

ಹೆಸರಿನ ವಿಷಯ ಕರ್ನಾಟಕದವರು ಸ್ವಲ್ಪ ಗಮನವಿಟ್ಟು ಓದಿ. ನಮ್ಮಲ್ಲಿ ಸುಮಾರು ಜನಕ್ಕೆ ಸರ್‌ನೇಮ್ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಬಿಟ್ಟಿರುತ್ತಾರೆ. ವೀಸಾದಲ್ಲಿ ನಮ್ಮ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ನನ್ನ ರೂಮ್‌ಮೇಟನ್ನು ಕ್ಲಿನಿಕ್ಕಿನಲ್ಲಿ "ಫನೂ" ಅಂತ ಕೂಗುತ್ತಾರೆ. ನಗು ಬರುತ್ತದೆ, ಸರಿ. ಆದರೆ ಬ್ಯಾಂಕಿನಲ್ಲಿ ಒಂದು ಥರ, ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನ್ನೊಂದು ಥರ, ಲೈಸೆನ್ಸಿನಲ್ಲಿ ಮತ್ತೊಂದು ಥರ ಇದ್ದರೆ ಒಬ್ಬಳದೇ ಲೆಕ್ಕ ಎರಡು ಕಡೆ ಹಂಚಿಹೋಗುವ ಅಪಾಯವಿದೆ. ಎಲ್ಲ ಕಡೆ ಒಂದೇ ಥರ ಬರೆಸಿ. ಮೂರೂ ಕಂಪನಿಗಳ ರಿಪೋರ್ಟು ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಆಗಾಗ ತೆಗೆದು ನೋಡಿ.

ಇನ್ನು ಕಾರ್ಡು ಬಳಸುವ ಬಗೆ. ಸ್ಕೋರಿನಲ್ಲಿ ನೂರಕ್ಕೆ 35 ಭಾಗ ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ. 30 ಭಾಗ ಎಷ್ಟು ಬಾಕಿ ಇದೆ ಅನ್ನುವುದಕ್ಕೆ, ಅದರಲ್ಲಿ ಮುಖ್ಯವಾದದ್ದು ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಅನ್ನುವುದು. ಖಾತೆ ಎಷ್ಟು ಹಳೆಯದು ಅನ್ನುವುದಕ್ಕೆ 15. ಉಳಿದಿದ್ದು ಸಣ್ಣಪುಟ್ಟದ್ದು, ಈಗ ತಲೆ ಕೆಡಿಸಿಕೊಳ್ಳಬೇಡಿ. 200 ಡಾಲರ್ ಮಿತಿಯ ಕಾರ್ಡಿನಲ್ಲಿ ಇಂಡಿಯನ್ ಸ್ಟೋರಿಗೆ ಒಂದು ಸಲ ಹೋಗಿ ಬಂದರೆ 120 ಖರ್ಚು. ಅಲ್ಲಿಗೆ 60 ಶೇಕಡಾ ಆಯಿತು. ಕೊನೆಯ ದಿನಾಂಕದೊಳಗೆ ಪೂರ್ತಿ ಕಟ್ಟಿದರೂ ಪುಸ್ತಕದಲ್ಲಿ 60 ಅಂತಲೇ ಕಾಣಬಹುದು. ಯಾಕೆಂದರೆ ಬಹಳಷ್ಟು ಬ್ಯಾಂಕುಗಳು ವರದಿ ಮಾಡುವುದು ಸ್ಟೇಟ್‌ಮೆಂಟ್ ತಯಾರಾದ ದಿನ ಇದ್ದ ಬಾಕಿಯನ್ನು. ನಾನು ಸ್ಟೇಟ್‌ಮೆಂಟಿಗೆ ಎರಡು ಮೂರು ದಿನ ಮೊದಲೇ ಬಹುಪಾಲು ಕಟ್ಟಿಬಿಡುತ್ತೇನೆ. ಹತ್ತೋ ಹದಿನೈದೋ ಡಾಲರ್ ಮಾತ್ರ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಅದನ್ನು ಆಟೋಪೇ ಕಟ್ಟುತ್ತದೆ.

ಬಾಕಿ ಉಳಿಸಿಕೊಂಡು ಸ್ವಲ್ಪ ಬಡ್ಡಿ ಕಟ್ಟಿದರೆ ಸ್ಕೋರು ಏರುತ್ತದೆ ಅಂತ ಯಾರೋ ಒಬ್ಬ ಸೀನಿಯರ್ ಪ್ರತಿ ಬ್ಯಾಚಿಗೂ ಹೇಳುತ್ತಾನೆ. ಶುದ್ಧ ಸುಳ್ಳು. ಬಡ್ಡಿ ಕಟ್ಟಿದ್ದಕ್ಕೆ ಒಂದು ಅಂಕವೂ ಇಲ್ಲ. 27 ಶೇಕಡಾ ಬಡ್ಡಿಯ ಕಾರ್ಡಿನಲ್ಲಿ 600 ಡಾಲರ್ ಬಾಕಿ ಬಿಟ್ಟರೆ ತಿಂಗಳಿಗೆ ಹದಿಮೂರುವರೆ ಡಾಲರ್ ಬಡ್ಡಿ. ಕನಿಷ್ಠ ಮೊತ್ತ 35 ಕಟ್ಟಿದಿರಿ ಅನ್ನಿ, ಅಸಲಿಗೆ ಹೋಗಿದ್ದು 21 ಚಿಲ್ಲರೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ಅವಧಿ ತಪ್ಪಿಹೋಗುತ್ತದೆ. ನಾಳೆ ಕುಡಿಯುವ ಕಾಫಿಗೂ ನಾಳೆಯಿಂದಲೇ ಬಡ್ಡಿ.

ಈಗ ಕಾರು.

ಕಾರಿಗೂ ಕಾರ್ಡಿಗೂ ಏನು ಸಂಬಂಧ ಅಂತ ಊರಿಂದ ಬಂದವರು ಕೇಳುತ್ತಾರೆ. ಸಾಲ ತೆಗೆದರೆ ಬಡ್ಡಿ ದರ ಸ್ಕೋರಿನ ಮೇಲೆ ನಿಂತಿದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಇನ್ಶೂರೆನ್ಸ್. ಟೆಕ್ಸಸ್‌ನಲ್ಲಿ ಕಾರು ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ನಿಗದಿ ಮಾಡುವಾಗ ಕ್ರೆಡಿಟ್ ದಾಖಲೆ ನೋಡಬಹುದು, ನೋಡುತ್ತಾರೆ ಕೂಡ. ಕ್ಯಾಲಿಫೋರ್ನಿಯಾ, ಮಸಾಚುಸೆಟ್ಸ್, ಹವಾಯಿಗಳಲ್ಲಿ ಹಾಗೆ ನೋಡುವಂತಿಲ್ಲ. ಇಲ್ಲಿ ನಾವು ಎಷ್ಟು ಚೆನ್ನಾಗಿ ಓಡಿಸುತ್ತೇವೆ ಅನ್ನುವುದರ ಜೊತೆಗೆ ಫೋನ್ ಬಿಲ್ಲಿನ ಕಾರ್ಡನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದೇವಾ ಅನ್ನುವುದೂ ಪ್ರೀಮಿಯಮ್ಮಿಗೆ ಬಂದು ಸೇರುತ್ತದೆ. ನ್ಯಾಯವಾ? ನನಗೆ ಹಾಗನ್ನಿಸುವುದಿಲ್ಲ. ಆದರೆ ಬಂದ ತಿಂಗಳೇ ಕಾರು ತೆಗೆದರೆ, ಖಾಲಿ ಹಾಳೆ ಹಿಡಿದುಕೊಂಡು ಹೊಸ ಲೈಸೆನ್ಸಿನ ಮೇಲೆ ಪ್ರೀಮಿಯಂ ಕೇಳಬೇಕು. ಊರಿನ ಲೈಸೆನ್ಸಿನ ವರ್ಷಗಳನ್ನು ನಾನು ವಿಚಾರಿಸಿದ ಹೆಚ್ಚಿನ ಕಂಪನಿಗಳು ಲೆಕ್ಕಕ್ಕೇ ಹಿಡಿಯಲಿಲ್ಲ. ಒಂದು ವರ್ಷ ಕಾಯಿರಿ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ. ಅಂದ ಹಾಗೆ, 18ರಿಂದ 24ರೊಳಗಿನವರು ಇಲ್ಲಿ ಲೈಸೆನ್ಸಿಗೆ ಮುಂಚೆ ಆರು ಗಂಟೆಯ ಕೋರ್ಸ್ ಮುಗಿಸಬೇಕು. ಆನ್‌ಲೈನಿನಲ್ಲಿ ಆಗುತ್ತದೆ. ರಜೆಯಲ್ಲೇ ಮುಗಿಸಿಕೊಳ್ಳಿ.

ನನಗೆ ಬೇಸಿಗೆಯ ಇಂಟರ್ನ್‌ಶಿಪ್ಪು ಅರ್ವಿಂಗ್‌ನಲ್ಲಿ ಸಿಕ್ಕಿತು. ಅದೇ ಆಫೀಸಿಗೆ ಹೋಗುವ ತೆಲುಗು ಹುಡುಗಿಯೊಬ್ಬಳ ಕಾರಿನಲ್ಲಿ ಪೆಟ್ರೋಲ್ ಪಾಲು ಕೊಟ್ಟು ಓಡಾಡಿದೆ. ಸೆಮಿಸ್ಟರ್ ಶುರುವಾದ ಮೇಲೂ ವಾರಕ್ಕೆ 20 ಗಂಟೆ ಮುಂದುವರಿಸಿ ಅಂದರು. ಕ್ಲಾಸಿನ ಹೊತ್ತು ಹೊಂದಲಿಲ್ಲ, ಈಗ ಕಾರು ಬೇಕೇಬೇಕು. ಡೀಲರ್ ಒಬ್ಬರ ಹತ್ತಿರ ಹೋದೆ. "ಡೌನ್ ಪೇಮೆಂಟೇ ಬೇಡ, ತಿಂಗಳಿಗೆ 305 ಅಷ್ಟೇ" ಅಂದರು. ತಿಂಗಳ ಕಂತು ಹೇಳುವ ಉತ್ಸಾಹ ಒಟ್ಟು ಬೆಲೆ ಹೇಳುವುದರಲ್ಲಿ ಇರಲಿಲ್ಲ. ನಾನೇ ಕೇಳಿ ಬರೆದುಕೊಂಡೆ: 12,000 ಡಾಲರಿನ ಕಾರು, 18 ಶೇಕಡಾ ಬಡ್ಡಿ, 60 ತಿಂಗಳು. ಕೊನೆಗೆ ಕಟ್ಟುವುದು 18,000 ದಾಟುತ್ತದೆ. ನನ್ನ ಕೋರ್ಸ್ ಮುಗಿಯಲು ಒಂದು ವರ್ಷವೂ ಇಲ್ಲ, ಕಂತು ಐದು ವರ್ಷ!

ಅಲ್ಲಿಗೇ ಮುಗಿಯಲಿಲ್ಲ. ಸಾಲ ಇರುವ ಕಾರಿಗೆ ಸಾಲ ಕೊಟ್ಟವರು ಫುಲ್ ಕವರೇಜ್ ಇನ್ಶೂರೆನ್ಸೇ ಬೇಕು ಅನ್ನುತ್ತಾರೆ. ಅಂದರೆ ನಮ್ಮ ಕಾರಿಗೆ ಆದ ಹಾನಿಗೂ ವಿಮೆ ಇರಬೇಕು. ನನಗೆ ಸಿಕ್ಕ ಕೊಟೇಶನ್ ತಿಂಗಳಿಗೆ 240. ಬರೀ ಲಯಬಿಲಿಟಿ, ಅಂದರೆ ಎದುರಿನವರಿಗೆ ನಮ್ಮಿಂದಾದ ಹಾನಿಗೆ ಮಾತ್ರ ವಿಮೆ ಆದರೆ 120ರೊಳಗೆ. ಹೀಗೆ ಸಾಲ ತನ್ನ ಬಡ್ಡಿಯ ಜೊತೆಗೆ ಇನ್ಶೂರೆನ್ಸನ್ನೂ ಎರಡರಷ್ಟು ಮಾಡುತ್ತದೆ. ಇದನ್ನು ಡೀಲರ್ ಯಾಕೆ ಹೇಳುತ್ತಾರೆ?

ಕೊನೆಗೆ ಬೇಸಿಗೆಯ ಸಂಬಳದಲ್ಲಿ ಉಳಿಸಿದ್ದರಲ್ಲಿ 2012ರ ಟೊಯೊಟಾ ಕೊರೊಲ್ಲಾ ಕೊಂಡೆ. 5,400 ಡಾಲರ್, ನಗದು. ಮೈಲಿ ಓಡಿದ್ದು ಒಂದೂ ಕಾಲು ಲಕ್ಷದ ಮೇಲೆ. ಇಷ್ಟು ಕಡಿಮೆಗೆ ಸಿಕ್ಕಿದ್ದು ಆಲಿಕಲ್ಲಿನಿಂದ. ಇಲ್ಲಿ ವಸಂತಕಾಲದಲ್ಲಿ ಬೀಳುವ ಆಲಿಕಲ್ಲು ನಮ್ಮೂರಿನ ಹಾಗೆ ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುವಂಥದ್ದಲ್ಲ. ಒಮ್ಮೊಮ್ಮೆ ಗಾಲ್ಫ್ ಚೆಂಡಿನಷ್ಟು ದಪ್ಪ ಇರುತ್ತದೆ. ನನ್ನ ಕಾರಿನ ಬಾನೆಟ್ಟು, ಮೇಲ್ಛಾವಣಿ ತುಂಬ ಡೆಂಟು. ಇಂಜಿನಿಗೆ ಅದರಿಂದ ಏನೂ ಆಗಿಲ್ಲ. ಗಾಜು ಸರಿಯಿದ್ದು, ಟೈಟಲ್ (ಮಾಲೀಕತ್ವದ ಪತ್ರ) ಮೇಲೆ 'ಸಾಲ್ವೇಜ್' (ಭಾರೀ ಹಾನಿಯಾದ ಕಾರು), 'ರೀಬಿಲ್ಟ್' (ಅಂಥದ್ದನ್ನು ಮತ್ತೆ ಸರಿಮಾಡಿದ್ದು) ಅಂತ ಬರೆದಿಲ್ಲದಿದ್ದರೆ, ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆ ಕಾರಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಂದ ನೋಡುವವರು ಬೇರೆ ಕಡೆ ಹೋಗುತ್ತಾರೆ, ನಮಗೆ ಚೌಕಾಸಿಗೆ ಜಾಗ ಸಿಗುತ್ತದೆ.

ಕೊಳ್ಳುವ ಮುಂಚೆ ವಿಐಎನ್ ನಂಬರ್ (ಪ್ರತಿ ಕಾರಿನ ಗುರುತಿನ ಸಂಖ್ಯೆ) ಹಾಕಿ ಕಳವಿನ ಕಾರಾ, ಸಾಲ್ವೇಜಾ ಅಂತ ಪುಕ್ಕಟೆ ನೋಡುವ ವ್ಯವಸ್ಥೆ ಇದೆ. ನೋಡಿದೆ. ಟೈಟಲ್ ಮಾರುವವರ ಹೆಸರಲ್ಲೇ ಇದೆಯಾ ಅಂತ ಅವರ ಲೈಸೆನ್ಸ್ ಜೊತೆ ಹೋಲಿಸಿದೆ. ನನಗೆ ಗೊತ್ತಿರುವ ಮೆಕ್ಯಾನಿಕ್ಕಿಗೆ 120 ಡಾಲರ್ ಕೊಟ್ಟು ಲಿಫ್ಟ್ ಮೇಲೆ ಹಾಕಿಸಿದೆ. ಈ 120ಕ್ಕೆ ಜಿಪುಣತನ ಮಾಡಬೇಡಿ. ಅವರೇ ಒಂದು ತಂತ್ರ ಹೇಳಿಕೊಟ್ಟರು. ಚೆಕ್ ಇಂಜಿನ್ ಲೈಟು ಉರಿಯುತ್ತಿದ್ದರೆ ಕೆಲವರು ಸ್ಕ್ಯಾನರ್ ಹಾಕಿ ದೋಷದ ಕೋಡ್ ಅಳಿಸಿ, ಲೈಟು ಆರಿಸಿ ಮಾರುತ್ತಾರೆ. ಆದರೆ ಹಾಗೆ ಅಳಿಸಿದ ಮೇಲೆ ಕಾರಿನ ಕಂಪ್ಯೂಟರಿನಲ್ಲಿ 'ಇನ್ನೂ ತಯಾರಿಲ್ಲ' ಅಂತ ಒಂದಿಷ್ಟು ಗುರುತು ಉಳಿಯುತ್ತವೆ. 20 ಡಾಲರಿನ ಸ್ಕ್ಯಾನರಿನಲ್ಲೂ ಅವು ಕಾಣುತ್ತವೆ. ನಾನು ನೋಡಿದ ಮೊದಲ ಕಾರು, ಚಂದದ ಬಿಳಿ ಹೋಂಡಾ, ಅಲ್ಲೇ ಸಿಕ್ಕಿಬಿತ್ತು. ಮಾರುವವರ ಮುಖ ನೋಡಬೇಕಿತ್ತು.

ಇದು ಮುಖ್ಯ, ಯಾಕೆಂದರೆ 2025ರ ಜನವರಿಯಿಂದ ಟೆಕ್ಸಸ್‌ನಲ್ಲಿ ಮಾಮೂಲಿ ಕಾರುಗಳಿಗೆ ವರ್ಷದ ಸೇಫ್ಟಿ ತಪಾಸಣೆ ತೆಗೆದುಹಾಕಿದ್ದಾರೆ. ಅದರ ಹೆಸರಲ್ಲಿ ಏಳೂವರೆ ಡಾಲರ್ ಮಾತ್ರ ಈಗಲೂ ತೆಗೆದುಕೊಳ್ಳುತ್ತಾರೆ! ಆದರೆ ಆರ್ಲಿಂಗ್ಟನ್ ಇರುವ ಟ್ಯಾರಂಟ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಪಕ್ಕದ ಡಾಲಸ್ ಕೌಂಟಿಯಲ್ಲಿ ಹೊಗೆ ತಪಾಸಣೆ ಉಳಿದಿದೆ. ಚೆಕ್ ಇಂಜಿನ್ ಲೈಟು ಉರಿಯುತ್ತಿದ್ದರೆ ಅದರಲ್ಲಿ ಫೇಲು. ಫೇಲಾದರೆ ರಿಜಿಸ್ಟ್ರೇಶನ್ ಆಗುವುದಿಲ್ಲ.

ತೆರಿಗೆಯ ವಿಷಯ ಒಂದಿದೆ. ಖಾಸಗಿಯಾಗಿ ಕೊಂಡರೂ 6.25 ಶೇಕಡಾ ತೆರಿಗೆ. ಬೆಲೆ ಕಡಿಮೆ ಬರೆಯೋಣ ಅಂತ ಸ್ನೇಹಿತರು ಹೇಳುತ್ತಾರೆ. ಕೌಂಟಿ ಆಫೀಸಿನವರು ಅಷ್ಟು ದಡ್ಡರಲ್ಲ. ಆ ಮಾದರಿಗೆ ಸರ್ಕಾರವೇ ಒಂದು ಅಂದಾಜು ಬೆಲೆ ಇಟ್ಟಿದೆ. ನಾವು ಕೊಟ್ಟಿದ್ದು ಅಥವಾ ಅಂದಾಜಿನ 80 ಶೇಕಡಾ, ಯಾವುದು ಜಾಸ್ತಿಯೋ ಅದರ ಮೇಲೆ ತೆರಿಗೆ. ನನ್ನ ಕಾರಿಗೆ ಅಂದಾಜು 7,500 ಇತ್ತು. ಅದರ 80 ಶೇಕಡಾ 6,000, ತೆರಿಗೆ 375. ಡೆಂಟಾದ ಕಾರು ಅಂತ ಬೆಲೆ ಕಟ್ಟಿಸಿ ತಂದರೆ ಕಡಿಮೆಯಾಗುತ್ತದೆ. ಆದರೆ ಕಟ್ಟಿಸಲೂ ಫೀಸು, ಉಳಿಯುವುದು 37 ಡಾಲರ್. ಬಿಟ್ಟೆ. ಟೈಟಲ್ ಬದಲಾವಣೆಗೆ 30 ದಿನ ಕೊಡುತ್ತಾರೆ. ಮೊದಲ ವಾರವೇ ಮುಗಿಸಿ.

ಇನ್ಶೂರೆನ್ಸಿನಲ್ಲಿ ಕನಿಷ್ಠಕ್ಕೆ ನಿಲ್ಲಬೇಡಿ. ಟೆಕ್ಸಸ್‌ನ ಕನಿಷ್ಠ 30/60/25. ಗಾಯವಾದ ಒಬ್ಬರಿಗೆ 30 ಸಾವಿರ, ಒಂದು ಅಪಘಾತಕ್ಕೆ ಒಟ್ಟು 60 ಸಾವಿರ, ಎದುರಿನವರ ವಾಹನ, ಆಸ್ತಿಗೆ 25 ಸಾವಿರ ಡಾಲರ್. ಇಲ್ಲಿಯ ರಸ್ತೆಯಲ್ಲಿ ಪಕ್ಕದಲ್ಲಿ ನಿಂತಿರುವುದು ಹೆಚ್ಚಾಗಿ ಪಿಕಪ್ ಟ್ರಕ್ಕು, ಅದರ ಬೆಲೆ 25 ಸಾವಿರದ ಎಷ್ಟೋ ಮೇಲೆ. 50/100/50ಕ್ಕೆ ಏರಿಸಲು ನನಗೆ ತಿಂಗಳಿಗೆ ಕೆಲವೇ ಡಾಲರ್ ಜಾಸ್ತಿ ಬಿತ್ತು. ಇನ್ಶೂರೆನ್ಸ್ ಇಲ್ಲದವರು ನಮಗೆ ಗುದ್ದಿದರೆ ಕೊಡುವ ಕವರೇಜನ್ನೂ ಹಾಕಿಸಿಕೊಂಡೆ. ಎಲ್ಲ ಸೇರಿ 128. ನನ್ನ ಕಾರಿನ ಡೆಂಟಿಗೆ ವಿಮೆ ಇಲ್ಲ. ಇರುವ ಡೆಂಟುಗಳ ಮಧ್ಯೆ ಇನ್ನೊಂದು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಈಗಿನ ತಿಂಗಳ ಲೆಕ್ಕ: ಇನ್ಶೂರೆನ್ಸ್ 128, ಪೆಟ್ರೋಲ್ 85, ಟೋಲ್ 20, ರಿಜಿಸ್ಟ್ರೇಶನ್ ಮತ್ತು ಹೊಗೆ ತಪಾಸಣೆಗೆ 9, ರಿಪೇರಿಗೆ ಅಂತ ತೆಗೆದಿಡುವುದು 60. ಒಟ್ಟು 302. ರಿಪೇರಿ ದುಡ್ಡಿಗೆ ಬೇರೆ ಸೇವಿಂಗ್ಸ್ ಖಾತೆಯಿದೆ, ಅದಕ್ಕೆ 'ಟಯರು' ಅಂತ ಹೆಸರಿಟ್ಟಿದ್ದೇನೆ. ಇಲ್ಲಿಯ ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತದೆ, ಅದೂ ಆ ಖಾತೆಯಿಂದಲೇ. ಡೀಲರ್ ಹೇಳಿದ ಕಾರಾಗಿದ್ದರೆ ಇದೇ ಲೆಕ್ಕ 719ಕ್ಕೆ ಹೋಗುತ್ತಿತ್ತು. ಲೈಬ್ರರಿ ಸಂಬಳದಲ್ಲಿ ಅಂಥ ಕಾರು ಸಾಕುವುದಿರಲಿ, 302ರ ಕಾರೂ ಕಷ್ಟ. ಇಂಟರ್ನ್‌ಶಿಪ್ ಸಂಬಳ ಬಂದಿದ್ದಕ್ಕೆ ನಡೆಯುತ್ತಿದೆ.

"ಪೆಟ್ರೋಲ್ ಅಷ್ಟೇ ತಾನೇ" ಅನ್ನುವವರಿಗೆ ಇನ್ನೊಂದು ಲೆಕ್ಕ. ವ್ಯವಹಾರದ ಕೆಲಸಕ್ಕೆ ಸ್ವಂತ ಕಾರು ಓಡಿಸಿದರೆ ಖರ್ಚು ತೋರಿಸಲು ತೆರಿಗೆ ಇಲಾಖೆ ಒಂದು ದರ ಇಟ್ಟಿದೆ. 2025ರಲ್ಲಿ ಅದು ಮೈಲಿಗೆ 70 ಸೆಂಟ್ ಇತ್ತು. ಪೆಟ್ರೋಲ್, ಸವಕಳಿ, ಇನ್ಶೂರೆನ್ಸ್, ಟಯರು ಎಲ್ಲ ಸೇರಿದ ಸರಾಸರಿ ಅದು. ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ನಮ್ಮ ಮನೆಯಿಂದ ಹೋಗಿ ಬರಲು ಸುಮಾರು 80 ಮೈಲಿ. ಆ ದರದಲ್ಲಿ ಹನುಮಪ್ಪನ ದರ್ಶನ 56 ಡಾಲರ್. ನನ್ನ ಹಳೇ ಕಾರಿಗೆ ಅಷ್ಟು ಬೀಳುವುದಿಲ್ಲ, ಆದರೂ ಈಗ ನಾಲ್ಕು ಜನ ತುಂಬಿಸಿಕೊಂಡೇ ಹೋಗುತ್ತೇನೆ. ಅಮ್ಮನಿಗೆ ಈ ಲೆಕ್ಕ ಹೇಳಿದ್ದಕ್ಕೆ ಬೈಸಿಕೊಂಡೆ. ದೇವರ ಹತ್ರ ಮೈಲಿ ಲೆಕ್ಕ ಹಾಕ್ತಾರಾ ಅಂತ.

ಟೋಲಿಗೆ ಟ್ಯಾಗ್ ಹಾಕಿಸಿ. ಇಲ್ಲದಿದ್ದರೆ ನಂಬರ್ ಪ್ಲೇಟಿನ ಫೋಟೋ ತೆಗೆದು ಜಾಸ್ತಿ ದರದ ಬಿಲ್ಲು ಅಂಚೆಗೆ ಹಾಕುತ್ತಾರೆ. ನಾವು ವರ್ಷಕ್ಕೊಂದು ಅಪಾರ್ಟ್‌ಮೆಂಟ್ ಬದಲಿಸುವವರು. ಬಿಲ್ಲು ಹಳೇ ವಿಳಾಸದಲ್ಲಿ ಕೊಳೆಯುತ್ತದೆ, ದಂಡ ಬೆಳೆಯುತ್ತದೆ.

ಸೆಕ್ಯೂರ್ಡ್ ಕಾರ್ಡಿನ ಡಿಪಾಸಿಟ್ ವಾಪಸ್ ಬಂದು ಅದು ಮಾಮೂಲಿ ಕಾರ್ಡಾಗಿದೆ. ಪೆಟ್ರೋಲಿಗೂ ಫೋನಿಗೂ ಅದನ್ನೇ ಬಳಸುತ್ತೇನೆ. ಕೆಲಸ ಬೇರೆ ರಾಜ್ಯದಲ್ಲಿ ಸಿಕ್ಕಿದರೂ ಕಾರ್ಡು ಮುಚ್ಚುವುದಿಲ್ಲ, ನನ್ನ ಹೆಸರಲ್ಲಿರುವ ಅತಿ ಹಳೇ ಖಾತೆ ಅದು. ಕಾರನ್ನು ಮಾತ್ರ ಮಾರುತ್ತೇನೆ. ಸಾಲವಿಲ್ಲ, ಟೈಟಲ್ ಕೈಯಲ್ಲೇ ಇದೆ, ಮಾರುವುದು ಒಂದು ಮಧ್ಯಾಹ್ನದ ಕೆಲಸ. ಡಿಸೆಂಬರಿಗೆ ಬೇಕಾದವರು ಈಗಲೇ ಹೇಳಿ. 4,500 ಡಾಲರ್. ಮೆಕ್ಯಾನಿಕ್ಕಿಗೆ ತೋರಿಸಿ, ಸ್ಕ್ಯಾನರ್ ಬೇಕಾದರೆ ನಾನೇ ಕೊಡುತ್ತೇನೆ. ಡೆಂಟು ತೋರಿಸಿ ಬೆಲೆ ಇಳಿಸಿ ಅಂತ ಮಾತ್ರ ಬರಬೇಡಿ. ಆ ಚೌಕಾಸಿ ನಾನು ಮಾಡಿ ಆಗಿದೆ.